ಗಾಯ ಮಾಯಿತು ಎಂದು ಬರೆಯುವ ಮೊದಲು

ನಮ್ಮ ಬೀದಿಯ ಮಹಡಿ ಮನೆಯೊಂದರಲ್ಲಿ ಕರ್ನಾಟಕದಿಂದ ನರ್ಸಿಂಗ್ ಓದಲು ಬಂದ ನಾಲ್ಕು ಹುಡುಗಿಯರು ಬಾಡಿಗೆಗಿದ್ದಾರೆ. ನಾನು ಆಸ್ಪತ್ರೆಯಲ್ಲಿ ಡ್ರೆಸ್ಸರ್ ಆಗಿದ್ದೆ ಎಂದು ಯಾರೋ ಹೇಳಿರಬೇಕು. ಅವರಲ್ಲೊಬ್ಬಳು ಒಂದು ಸಂಜೆ ನನ್ನನ್ನು ಕೇಳಿದಳು: "ಅಂಕಲ್, ಡ್ರೆಸ್ಸರ್ ಅಂದ್ರೆ ಏನ್ ಕೆಲಸ?"

"ಗಾಯ ತೊಳೆದು ಕಟ್ಟೋದು" ಎಂದೆ.

"ಅಷ್ಟೇನಾ?" ಎಂದಳು. ಕೊಂಕಿಲ್ಲದ ಪ್ರಶ್ನೆಯೇ. ಆದರೂ ಆ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು. ಮೂರು ದಶಕಕ್ಕೂ ಮೀರಿ ನಾನು ಮಾಡಿದ್ದು ಅಷ್ಟೇ. ಅದಕ್ಕೇ ಆ ಅಷ್ಟರಲ್ಲಿ ಏನಿತ್ತು ಎಂಬುದನ್ನು ಬರೆಯಲು ಕೂತಿದ್ದೇನೆ. ನಾನು ಯಾವಾಗ ಸೀನಿಯರ್ ಆದೆ, ಯಾವಾಗ ಸಂಬಳ ಏರಿತು ಎಂಬುದು ನಿಮಗೆ ಬೇಡದ ಸಂಗತಿ. ನನಗೂ ಸರಿಯಾಗಿ ನೆನಪಿಲ್ಲ. ನೆನಪಿರುವುದು ಕೈಗಳು, ಕಾಲುಗಳು, ಮತ್ತು ಅವುಗಳ ಮೇಲೆ ನಾನು ಮಾಡಿದ ತಪ್ಪುಗಳು.

ಮೊದಲಿಗೆ ನನ್ನ ಭಾಷೆಯ ವಿಷಯ ಹೇಳಿಬಿಡಬೇಕು. ಏಕೆಂದರೆ ಈ ವೃತ್ತಿಯಲ್ಲಿ ನನ್ನನ್ನು ಹೆಚ್ಚು ಸಲ ಬೀಳಿಸಿದ್ದೂ, ಎತ್ತಿದ್ದೂ ಒಂದೇ ಒಂದು ಕ್ರಿಯಾಪದ. ನಾನು ಕೊಯಮತ್ತೂರಿನ ಹತ್ತಿರದ ಸೋಮನೂರಿನ ನೇಯ್ಗೆಯವರ ಮನೆಯಲ್ಲಿ ಹುಟ್ಟಿದವನು. ನಮ್ಮ ಹಿರಿಯರು ಎಷ್ಟು ತಲೆಮಾರಿನ ಹಿಂದೆ ಮೈಸೂರು ಸೀಮೆಯಿಂದ ಇಳಿದು ಬಂದರೋ ಯಾರಿಗೂ ಗೊತ್ತಿಲ್ಲ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಓದಿದ್ದು ತಮಿಳು ಶಾಲೆಯಲ್ಲಿ. ಕನ್ನಡದ ಅಕ್ಷರವನ್ನು ನಲವತ್ತು ದಾಟುವ ತನಕ ನಾನು ಓದಿದವನಲ್ಲ. ಗಾಯ ಗುಣವಾದರೆ ನನ್ನ ಅವ್ವ "ಮಾಯ್ತು" ಎನ್ನುತ್ತಿದ್ದಳು. ಬೀದಿಯಲ್ಲಿ ಅದಕ್ಕೆ "ಆರಿಡ್ಚು" ಎನ್ನುತ್ತಿದ್ದರು. ಎರಡೂ ಒಂದೇ ಎಂದುಕೊಂಡೇ ನಾನು ದೊಡ್ಡವನಾದೆ.

ಕೆಲಸಕ್ಕೆ ಸೇರಿದ್ದು ವಾಲ್ಪಾರೈ ಬೆಟ್ಟದ ಮೇಲಿನ ಒಂದು ಟೀ ಎಸ್ಟೇಟಿನ ಆಸ್ಪತ್ರೆಯಲ್ಲಿ. ಹನ್ನೆರಡು ಹಾಸಿಗೆ, ಒಂದು ಔಷಧದ ಕೋಣೆ, ಒಂದು ಡ್ರೆಸ್ಸಿಂಗ್ ರೂಮು. ಅಲ್ಲಿಯ ಹಿರಿಯ ಡ್ರೆಸ್ಸರ್ ಡೇವಿಡ್ ಅಣ್ಣ. ತಿರುನಲ್ವೇಲಿ ಕಡೆಯವರು, ಕುಳ್ಳಗೆ ಗಟ್ಟಿ ಆಳು. ಬೆಳಗ್ಗೆ ಏಳಕ್ಕೆ ಸ್ಟೆರಿಲೈಸರಿನಲ್ಲಿ ಚಿಮುಟ, ಕತ್ತರಿ ಕುದಿಯಲಿಟ್ಟು, ಅದು ಕುದಿದು ಮುಗಿಯುವ ತನಕ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಕುದಿಯುವಾಗ ಮಾತಾಡಿದರೆ ಹೊತ್ತು ಮರೆಯುತ್ತದೆ ಎಂದು ಅವರ ನಂಬಿಕೆ.

ನಾನು ಸೇರಿದ ಎರಡನೇ ವಾರವೋ ಏನೋ. ಟೀ ಕಾರ್ಖಾನೆಯಲ್ಲಿ ಎಲೆ ಒಣಗಿಸುವ ಯಂತ್ರದ ಬಿಸಿ ತಗಡಿಗೆ ಮುಂಗೈ ತಾಗಿಸಿಕೊಂಡ ಹೆಂಗಸೊಬ್ಬಳು ಕಟ್ಟು ಬದಲಿಸಿಕೊಳ್ಳಲು ಬಂದಳು. ಅವಳ ಹೆಸರು ಪೊನ್ನುತ್ತಾಯಿ. ಡೇವಿಡ್ ಅಣ್ಣ ವಾರ್ಡಿಗೆ ಹೋಗಿದ್ದರು. ಹಳೆಯ ಗಾಜ್ ಬಟ್ಟೆ ಗಾಯಕ್ಕೆ ಅಂಟಿ ಒಣಗಿತ್ತು. ನಿಧಾನವಾಗಿ ಎಳೆದರೆ ನೋವು ಹೆಚ್ಚು, ಒಂದೇ ಸಲ ಎಳೆದರೆ ಒಂದೇ ಸಲ ಮುಗಿಯುತ್ತದೆ ಎಂದು ನನ್ನ ಬುದ್ಧಿಗೆ ತೋಚಿತು. ಎಳೆದೆ. ಅವಳು ಕೂಗಲಿಲ್ಲ. ಸೀರೆಯ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು. ಒಣಗಿದ್ದ ಮುಂಗೈಯಿಂದ ಮತ್ತೆ ರಕ್ತ ಜಿನುಗತೊಡಗಿತು.

ಅಷ್ಟರಲ್ಲಿ ಬಂದ ಡೇವಿಡ್ ಅಣ್ಣ ನನ್ನನ್ನು ಬೈಯಲಿಲ್ಲ. ಬಕೆಟಿಗೆ ಹಾಕಿದ್ದ ಗಾಜ್ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಬಟ್ಟೆಯ ತುಂಬ ನಸುಗೆಂಪು ಚುಕ್ಕೆಗಳು.

"ಇದೇನು ರಂಗಸಾಮಿ?" ತಮಿಳಿನಲ್ಲಿ ಕೇಳಿದರು.

"ರಕ್ತ ಅಣ್ಣ."

"ರಕ್ತ ಅಲ್ಲ. ನಾಲ್ಕು ದಿನ ಇವಳ ಮೈ ಕೂತು ಮಾಡಿದ ಕೆಲಸ. ನೀನು ಒಂದು ಕ್ಷಣದಲ್ಲಿ ಕಿತ್ತು ಬಕೆಟಿಗೆ ಹಾಕಿದೆ."

ಆಮೇಲೆ ಪೊನ್ನುತ್ತಾಯಿಯ ಮುಂದೆ ಸ್ಟೂಲು ಹಾಕಿಕೊಂಡು ಕೂತು, ತಾವೇ ಅವಳ ಕ್ಷಮೆ ಕೇಳಿದರು. ತಪ್ಪು ನನ್ನದು, ಕ್ಷಮೆ ಕೇಳಿದ್ದು ಅವರು. ಬೈದಿದ್ದರೆ ನನಗೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲ.

ಒಂದು ತಿಂಗಳು ಅವರು ನನ್ನ ಕೈಗೆ ಚಿಮುಟ ಕೊಡಲಿಲ್ಲ. ಉಗುರುಬೆಚ್ಚನೆಯ ಉಪ್ಪುನೀರಿನಲ್ಲಿ ಹಳೆಯ ಕಟ್ಟುಗಳನ್ನು ನೆನೆಸುವುದೊಂದೇ ನನ್ನ ಕೆಲಸ. ಬಟ್ಟೆ ತಾನಾಗಿ ಗಾಯ ಬಿಟ್ಟು ತೇಲುವವರೆಗೆ ಕಾಯಬೇಕು. ಒಂದು ದಿನ ಸಹನೆ ಕೆಟ್ಟು ಕೇಳಿದೆ: "ಹೀಗೆ ಕಾಯ್ತಾ ಕೂತರೆ ನಾವು ಗಾಯ ಗುಣ ಮಾಡೋದು ಯಾವಾಗ ಅಣ್ಣ?"

ಅವರು ಆಗ ಲೋಟದಿಂದ ಲೋಟಕ್ಕೆ ಟೀ ಹೊಯ್ದು ಆರಿಸುತ್ತಿದ್ದರು. ತಮಿಳಿನಲ್ಲಿ ಅದಕ್ಕೆ ಆತ್ತುವುದು ಎನ್ನುತ್ತಾರೆ. ಕೈ ನಿಲ್ಲಿಸದೆ ಹೇಳಿದರು: "ಟೀಯನ್ನ ಆತ್ತಬಹುದು. ಹುಣ್ಣನ್ನ ಯಾರೂ ಆತ್ತೋಕಾಗಲ್ಲ. ಅದು ತಾನಾಗಿ ಆರುತ್ತೆ. ನೀನು ಅಡ್ಡ ಬರದೆ ಇದ್ದರೆ ಸಾಕು."

ರಜೆಗೆ ಊರಿಗೆ ಹೋದಾಗ ಅವ್ವನಿಗೆ ಇದನ್ನು ಹೇಳಿದೆ. ಅವಳು ನೂಲಿನ ಕಂಡಿಕೆ ಸುತ್ತುತ್ತಾ, "ಇದ್ರಾಗೇನ್ ಹೊಸದು? ಗಾಯ ಮಾಯ್ತು ಅಂತೀವೇ ಹೊರ್ತು ಗಾಯಾನ ಮಾಯಿಸ್ದೆ ಅಂತ ಯಾರಾನ ಅಂದಾರಾ?" ಎಂದಳು. ನಿಜವೇ. ಅಂಥ ಮಾತನ್ನು ನಾನು ಯಾರ ಬಾಯಲ್ಲೂ ಕೇಳಿರಲಿಲ್ಲ. ಡಾಕ್ಟರುಗಳು ಗುಣಪಡಿಸಿದೆ ಎನ್ನುತ್ತಾರೆ, ನಾಟಿ ವೈದ್ಯರು ವಾಸಿ ಮಾಡಿದೆ ಎನ್ನುತ್ತಾರೆ. ಮಾಯುವುದು ಮಾತ್ರ ಯಾರ ಕೈಯಲ್ಲೂ ಇಲ್ಲದ ಕೆಲಸ. ಈ ವಿನಯವನ್ನು ನನ್ನ ಓದುಬಾರದ ಅವ್ವನ ಭಾಷೆ ಮೊದಲೇ ಕಲಿತಿತ್ತು. ಮರಳಿ ಬಂದು ಡೇವಿಡ್ ಅಣ್ಣನಿಗೆ ಆ ಪದ ಹೇಳಿದೆ. ಅವರು ಹೌಹಾರಿದರು. "ಪೇಷೆಂಟುಗಳ ಮುಂದೆ ಹೇಳಿಬಿಟ್ಟೀಯ ಮತ್ತೆ! ತಮಿಳಿನಲ್ಲಿ ಮಾಯ್ ಅಂದರೆ ಸಾವು!"

ಆ ಪದವನ್ನು ಅಂದೇ ಬಾಯಿಂದ ಇಳಿಸಿಬಿಟ್ಟೆ. ಹಾಗೆ ಇಳಿಸಿದ್ದರಿಂದಲೇ ಮುಂದೆ ಒಂದು ಎಡವಟ್ಟಾಯಿತು.

ಕೆಲವು ವರ್ಷಗಳ ನಂತರ ಬೆಟ್ಟ ಇಳಿದು, ಪಲ್ಲಡಂ ರಸ್ತೆಯ ಒಂದು ಟ್ರಸ್ಟ್ ಆಸ್ಪತ್ರೆಗೆ ಸೇರಿದೆ. ಉಳಿದ ಸೇವೆಯೆಲ್ಲ ಅಲ್ಲಿಯೇ. ಬೆಟ್ಟದ ಮೇಲೆ ಜಿಗಣೆ, ಮುಳ್ಳು, ಸುಟ್ಟ ಗಾಯ. ಇಲ್ಲಿ ಪವರ್‌ಲೂಮಿನ ಗಾಲಿ ತಿರುಗಿಸುವ ಪಟ್ಟೆಗೆ ಸಿಕ್ಕ ಕೈ, ಹಾರಿದ ಲಾಳಿಯಿಂದ ಒಡೆದ ಹುಬ್ಬು, ತಿರುಪ್ಪೂರಿನ ಬನಿಯನ್ ಕಂಪನಿಗಳ ಕತ್ತರಿಸುವ ಯಂತ್ರಕ್ಕೆ ಹೋದ ಬೆರಳು. ಅಲ್ಲಿಯ ಸರ್ಜನ್ನನ್ನು ಎಲ್ಲರೂ ದೊಡ್ಡ ಡಾಕ್ಟರ್ ಎನ್ನುತ್ತಿದ್ದರು. ಎತ್ತರದ ಮನುಷ್ಯ, ಮಾತು ಕಡಿಮೆ. ಕಟ್ಟು ಸಡಿಲವಾಗಿದ್ದರೆ ರೋಗಿಯ ಎದುರೇ ಬಿಚ್ಚಿಸಿ ಮತ್ತೆ ಕಟ್ಟಿಸುತ್ತಿದ್ದರು. ನನ್ನ ಕಟ್ಟನ್ನು ಅವರು ಬಿಚ್ಚಿಸಿದ್ದು ಎರಡೇ ಸಲ. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ.

ಗುಂಡ್ಲುಪೇಟೆ ಕಡೆಯ ವಯಸ್ಸಾದ ದಂಪತಿ ಬಂದದ್ದು ಅಲ್ಲಿಗೆ. ಮಗ ತಿರುಪ್ಪೂರಿನಲ್ಲಿ ಬಟ್ಟೆ ತಪಾಸಣೆಯ ಕೆಲಸದಲ್ಲಿದ್ದ. ಅವನನ್ನು ನೋಡಲು ಬಂದ ಮುದುಕರ ಕಾಲಿಗೆ ಕುದಿಯುವ ಸಾರು ಬಿದ್ದಿತ್ತು. ಗಾಯ ಅಗಲವಾಗಿದ್ದರೂ ಆಳವಿರಲಿಲ್ಲ. ಕಟ್ಟು ಮುಗಿಸಿ ಹೊರಬಂದೆ. ಅಜ್ಜಿ ಬಾಗಿಲಲ್ಲೇ ಕಾದಿದ್ದರು. ತಮಿಳಿನ ಗಂಧವಿಲ್ಲದವರು. "ನಮ್ಮೆಜಮಾನ್ರಿಗೆ ಏನಾಯ್ತದಪ್ಪಾ?" ಎಂದರು. ಆಸ್ಪತ್ರೆಯಲ್ಲಿ ಕನ್ನಡ ಕೇಳಿ ನನಗೆ ಖುಷಿ. ಧೈರ್ಯ ಹೇಳುವ ಉತ್ಸಾಹದಲ್ಲಿ, "ಇನ್ನ ಎರಡು ವಾರ ಅಷ್ಟೇ ಅಮ್ಮಾ, ಎಲ್ಲಾ ಆರೋಗ್ತದೆ" ಎಂದೆ.

ಅಜ್ಜಿ ಗೋಡೆ ಹಿಡಿದುಕೊಂಡು ನೆಲಕ್ಕೆ ಕುಸಿದರು. ಒಂದೇ ಸಮನೆ ಅಳು. ಏನಾಯಿತೆಂದು ನನಗೆ ತಿಳಿಯಲಿಲ್ಲ. ವಾರ್ಡಿನಿಂದ ಓಡಿಬಂದ ಪುಷ್ಪಲತಾ ಸಿಸ್ಟರ್ ಅವರನ್ನು ಎತ್ತಿ ಬೆಂಚಿನ ಮೇಲೆ ಕೂರಿಸಿದರು. ಹಾಸನದವರು, ಮದುವೆಯಾಗಿ ಕೊಯಮತ್ತೂರಿಗೆ ಬಂದು ನಮ್ಮಲ್ಲಿ ಸ್ಟಾಫ್ ನರ್ಸ್ ಆಗಿದ್ದವರು. ಅಜ್ಜಿಯ ಮಾತು ಕೇಳಿಸಿಕೊಂಡು ನನ್ನ ಕಡೆ ತಿರುಗಿದರು.

"ರಂಗಸ್ವಾಮಿಯವರೇ, ಏನಂದ್ರಿ ನೀವು ಇವರಿಗೆ?"

"ಎರಡು ವಾರದಲ್ಲಿ ಆರೋಗ್ತದೆ ಅಂದೆ."

"ಅಯ್ಯೋ, ಆರಿಹೋಗೋದು ಅಂದ್ರೆ ದೀಪ ಕಣ್ರೀ! ಯಜಮಾನ್ರಿಗೆ ಎರಡು ವಾರ ಗಡುವು ಕೊಟ್ರಿ ಅಂದ್ಕೊಂಡಿದಾರೆ."

ನನಗೆ ನೆಲ ಬಿರಿದು ಒಳಗೆ ಹೋಗುವಂತಾಯಿತು. ಅಜ್ಜಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಇಷ್ಟು ವರ್ಷ ಬಾಯಿಂದ ಇಳಿಸಿದ್ದ ಅವ್ವನ ಮಾತನ್ನೇ ಹುಡುಕಿ ತೆಗೆದೆ: "ತಪ್ಪಾಯ್ತಮ್ಮಾ. ಗಾಯ ಮಾಯ್ತದೆ. ಅವ್ರು ನಡ್ಕೊಂಡೇ ಊರಿಗೆ ಬತ್ತಾರೆ." ಅವರು ನನ್ನ ಮುಖ ನೋಡಿದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಮಾಯ್ತದೆ ಅನ್ನಾಕೇನಾಗಿತ್ತಪ್ಪಾ ನಿಂಗೆ?" ಎಂದರು. ಮೂರನೇ ವಾರ ಮುದುಕರು ನಡೆದೇ ಹೋದರು.

ಮರುದಿನ ಪುಷ್ಪಲತಾ ಸಿಸ್ಟರ್ ಖಾಲಿ ಎಕ್ಸ್‌ರೇ ಕವರೊಂದರ ಹಿಂದೆ ಕನ್ನಡದ ಅಕ್ಷರಮಾಲೆ ಬರೆದು ತಂದರು. "ಮಾತು ಬರುತ್ತೆ, ಅಕ್ಷರ ಬರಲ್ಲ ಅಂದ್ರೆ ಹೇಗೆ? ಕಲೀರಿ" ಎಂದರು. ಊಟದ ಹೊತ್ತಿನಲ್ಲಿ ಅವರು ತಿದ್ದಿಸಿದ ಅಕ್ಷರಗಳಿಂದಲೇ ಇವತ್ತು ಇದನ್ನು ಬರೆಯುತ್ತಿದ್ದೇನೆ. ಹೊಸದಾಗಿ ಸೇರುವವರು ಇದನ್ನು ಗಮನದಲ್ಲಿಡಿ: ರೋಗಿಗೆ ನೀವು ಹೇಳುವ ಮಾತು ನಿಮ್ಮ ಬಾಯಿಗೆ ಒಗ್ಗಿದರೆ ಸಾಲದು, ಅವರ ಕಿವಿಯಲ್ಲಿ ಏನಾಗುತ್ತದೆ ಎಂದು ನೋಡಬೇಕು.

ಈಗ ನಾಗಮಣಿಯ ವಿಷಯ. ನನ್ನ ಸೇವೆಯಲ್ಲಿ ಒಂದೇ ಒಂದು ಪ್ರಸಂಗ ಹೇಳು ಎಂದರೆ ನಾನು ಹೇಳುವುದು ಇದನ್ನೇ.

ನಾಗಮಣಿ ಸೋಮನೂರಿನವಳು, ನಮ್ಮ ಮನೆಗಳ ಹಾಗೆಯೇ ಕನ್ನಡ ಮಾತಿನ ನೇಯ್ಗೆಯವರ ಸೊಸೆ. ಗಂಡ ಪಳನಿಸಾಮಿ. ಮನೆಯ ಪಕ್ಕದ ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮು. ಎರಡನ್ನು ಅವನು, ಎರಡನ್ನು ಅವಳು ನೋಡಿಕೊಳ್ಳುತ್ತಿದ್ದರು. ಒಂದು ಮಧ್ಯಾಹ್ನ ಗಾಲಿಗೆ ಸುತ್ತಿಕೊಂಡಿದ್ದ ನೂಲನ್ನು ಯಂತ್ರ ನಿಲ್ಲಿಸದೆಯೇ ಬಿಡಿಸಲು ಹೋಗಿ ಬಲಗೈ ಪಟ್ಟೆಗೆ ಸಿಕ್ಕಿತು. ಬಂದಾಗ ತೋರುಬೆರಳಿನ ಚರ್ಮ ಕಳಚಿತ್ತು, ಮೂಳೆ ಮುರಿದಿತ್ತು, ಬೆರಳು ಮಡಿಸುವ ನರ ಹರಿದಿತ್ತು.

ದೊಡ್ಡ ಡಾಕ್ಟರ್ ನೋಡಿ ಹೇಳಿದರು: "ಈ ಬೆರಳು ತೆಗೆದುಬಿಡುವುದು ಒಳ್ಳೆಯದು. ಮೂರು ವಾರದಲ್ಲಿ ಗಾಯ ಆರುತ್ತದೆ."

ನಾಗಮಣಿ ನನ್ನ ಕಡೆ ತಿರುಗಿ ಕನ್ನಡದಲ್ಲಿ ಅಂದಳು: "ಅಣ್ಣಾ, ವೆರಲು ತೆಗೀಬ್ಯಾಡ ಅನ್ನಿ. ಎಳೆ ಕಡಿದ್ರೆ ಗಂಟು ಹಾಕಾದು ಈ ವೆರಲೇ. ಇದು ಹೋದ್ರೆ ನಾನು ಯಾತಕ್ಕೆ?"

ನೇಯ್ಗೆಯವರ ಮನೆಯ ಮಗ ನಾನು. ಹಾಸಿನ ಎಳೆ ಕಡಿದಾಗ ಹೆಬ್ಬೆರಳು, ತೋರುಬೆರಳು ಸೇರಿ ಕಣ್ಣು ಮಿಟುಕಿಸುವಷ್ಟರಲ್ಲಿ ಹಾಕುವ ಆ ಗಂಟು ಎಂಥದೆಂದು ನನಗೆ ಗೊತ್ತಿತ್ತು. ಡಾಕ್ಟರರ ಮುಂದೆ ಎಂದೂ ಬಾಯಿ ತೆರೆಯದವನು ಅಂದು ತೆರೆದೆ: "ಸರ್, ಉಳಿಸಿ ನೋಡೋಣ. ಡ್ರೆಸ್ಸಿಂಗ್ ನಾನೇ ಮಾಡ್ತೀನಿ. ಬೇರೆ ಯಾರ ಕೈಗೂ ಕೊಡಲ್ಲ."

ಅವರು ಬಹಳ ಹೊತ್ತು ಆ ಕೈಯನ್ನು ನೋಡಿದರು. "ತಿಂಗಳುಗಟ್ಟಲೆ ಆಗುತ್ತೆ ರಂಗಸಾಮಿ" ಎಂದರು. "ಸರೀಂಗ ಸರ್" ಎಂದೆ.

ಮೂಳೆಗೆ ತಂತಿ ಹಾಕಿದರು. ತೊಡೆಯ ಚರ್ಮ ತೆಗೆದು ಬೆರಳಿಗೆ ಹೊದಿಸಿದರು. ಒಂದು ಅಂಚಿನಲ್ಲಿ ಆ ಚರ್ಮ ಹಿಡಿಯದೆ ಕಪ್ಪಾದಾಗ ನನಗೆ ಊಟ ಸೇರಲಿಲ್ಲ. ದಿನ ಬಿಟ್ಟು ದಿನ ನಾಗಮಣಿ ಸೋಮನೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದಳು. ನಾನು ನೆನೆಸುತ್ತಿದ್ದೆ, ಕಾಯುತ್ತಿದ್ದೆ, ಕಟ್ಟುತ್ತಿದ್ದೆ. ನನ್ನ ಅಕ್ಕನ ಮಗಳ ಮದುವೆಯ ದಿನವೂ ಬೆಳಗ್ಗೆ ಬಂದು ಕಟ್ಟು ಮುಗಿಸಿಯೇ ಛತ್ರಕ್ಕೆ ಹೋದೆ. ಅಂಚಿನಿಂದ ಹೊಸ ಚರ್ಮ ಬೆಳ್ಳಗೆ, ಕೂದಲೆಳೆಯಷ್ಟು, ಒಳಕ್ಕೆ ಸರಿಯುತ್ತಿತ್ತು. ನಾಲ್ಕು ತಿಂಗಳಾದ ಮೇಲೆ ಒಂದು ದಿನ ಬೆರಳು ಪೂರ್ತಿ ಮುಚ್ಚಿಕೊಂಡಿತು. ದೊಡ್ಡ ಡಾಕ್ಟರ್ ಹೊಸ ಡಾಕ್ಟರುಗಳನ್ನು ಕರೆದು ತೋರಿಸಿದರು. "ಇದು ರಂಗಸಾಮಿಯ ಬೆರಳು" ಎಂದರು. ಚೀಟಿಯ ಮೇಲೆ 'ಗಾಯ ಗುಣವಾಗಿದೆ' ಎಂದು ಬರೆದು ರುಜು ಹಾಕಿದರು. ಆ ದಿನ ಬಸ್ಸಿನಲ್ಲಿ ಜಾಗವಿದ್ದರೂ ನಾನು ನಿಂತೇ ಮನೆಗೆ ಹೋದೆ. ಕೂರಲು ಮನಸ್ಸಾಗಲಿಲ್ಲ.

ಎರಡು ತಿಂಗಳ ನಂತರ ಪಳನಿಸಾಮಿ ಒಬ್ಬನೇ ಆಸ್ಪತ್ರೆಗೆ ಬಂದ. "ಅಣ್ಣಾ, ಒಂದ್ಸಲ ಮನೆಗೆ ಬಂದೋಗಿ. ಅವಳು ಯಾರ ಮಾತೂ ಕೇಳಾದಿಲ್ಲ. ಕೋಪ, ಬರೀ ಕೋಪ."

ಭಾನುವಾರ ಹೋದೆ. ಶೆಡ್ಡಿನೊಳಗೆ ಕಿವಿಗೆ ಬಾಯಿ ಇಟ್ಟು ಕೂಗಿದರೂ ಕೇಳಿಸದ ಸದ್ದು. ನಾಗಮಣಿ ತನ್ನ ಮಗ್ಗದ ಮುಂದೆ ನಿಂತಿದ್ದಳು. ಒಂದು ಎಳೆ ಕಡಿಯಿತು. ಯಂತ್ರ ನಿಲ್ಲಿಸಿ, ಹಾಸಿನ ಮೇಲೆ ಬಾಗಿ, ತುದಿ ಹುಡುಕಲು ಕೈ ಇಟ್ಟಳು. ನಾನು ಉಳಿಸಿದ ಆ ಬೆರಳು ಮಡಿಯಲೇ ಇಲ್ಲ. ಕಡ್ಡಿಯ ಹಾಗೆ ನೇರ ನಿಂತಿತ್ತು. ಅವಳು ಉಳಿದ ಬೆರಳುಗಳಿಂದ ಗಂಟು ಹಾಕಲು ಹೋದಾಗ ಅದು ಪಕ್ಕದ ಎಳೆಗಳಿಗೆ ಸಿಕ್ಕಿ ಇನ್ನೆರಡನ್ನು ಕಡಿಯಿತು. ಒಂದನ್ನು ಕೂಡಿಸಲು ಹೋದವಳು ಮೂರನ್ನು ಕೂಡಿಸಬೇಕಾಯಿತು. ನನ್ನ ಕಡೆ ಕೈ ಎತ್ತಿ ತೋರಿಸಿದಳು. ಹೊರಗೆ ಬಂದ ಮೇಲೆ ಹೇಳಿದಳು:

"ನೋಡಿದ್ರಾ ಅಣ್ಣಾ? ನೀವು ಕಷ್ಟ ಬಿದ್ದು ಕಾಪಾಡಿದ ವೆರಲು ನನ್ನ ಎಳೆ ಕಡೀತಾ ನಿಂತದೆ. ಇದನ್ನ ತೆಗ್ಸಿಬಿಡಿ."

ನನಗೆ ಸಿಟ್ಟು ಬಂತು. ಇದ್ದುದನ್ನು ಇದ್ದಂತೆ ಬರೆಯಬೇಕಲ್ಲವೇ? ಅವಳ ನೋವು ಕಾಣುವ ಮೊದಲು ನನಗೆ ಕಂಡದ್ದು ನನ್ನ ನಾಲ್ಕು ತಿಂಗಳು. "ಇಷ್ಟು ಬೇಗ ಕೈಬಿಟ್ರೆ ಹೆಂಗಮ್ಮಾ? ಅಭ್ಯಾಸ ಮಾಡ್ಬೇಕು" ಎಂದು ಗದರಿದೆ. ಅವಳ ಅತ್ತೆ ಪಕ್ಕದಿಂದ, "ಗುಣವಾಯ್ತಂತ ಡಾಕ್ಟ್ರೇ ಬರ್ದವ್ರೆ, ಇವಳ್ದು ಹಠ" ಎಂದು ದನಿಗೂಡಿಸಿದಳು. ನಾನು ಆ ಮಾತನ್ನು ತಡೆಯಲಿಲ್ಲ.

ಮತ್ತೆ ಮೂರು ತಿಂಗಳು ಅವಳನ್ನು ಬರಹೇಳಿದೆ. ಬಿಸಿನೀರಿನಲ್ಲಿ ಕೈ ಅದ್ದಿಸಿದೆ, ಮೇಣ ಹಚ್ಚಿ ನೀವಿದೆ, ಮನೆಯಿಂದ ನೂಲಿನ ಉಂಡೆ ತಂದು ಗಂಟು ಹಾಕಿಸಿದೆ. ಒಂದು ದಿನ ಡ್ರೆಸ್ಸಿಂಗ್ ರೂಮಿಗೆ ಬಂದ ದೊಡ್ಡ ಡಾಕ್ಟರ್ ನೆಲದ ತುಂಬ ನೂಲು ನೋಡಿ, "ಇದೇನು ಆಸ್ಪತ್ರೆಯೋ ಮಗ್ಗದ ಶೆಡ್ಡೋ?" ಎಂದರು. ನಾಗಮಣಿ ಎದ್ದು ನಿಂತು, ಸ್ಪಷ್ಟ ತಮಿಳಿನಲ್ಲಿ ಹೇಳಿದಳು: "ಡಾಕ್ಟರ್, ಈ ಬೆರಳು ನನಗೆ ಬೇಡ. ಅವತ್ತು ಬೇಕು ಅಂದವಳೂ ನಾನೇ. ಇವತ್ತು ಬೇಡ ಅನ್ನುವವಳೂ ನಾನೇ. ಅಣ್ಣನಿಗೆ ಹೇಳಿದರೆ ಕೇಳ್ತಾ ಇಲ್ಲ."

ಮೊದಲೇ ಹೇಳಿರಲಿಲ್ಲವೇ ಎಂದು ದೊಡ್ಡ ಡಾಕ್ಟರ್ ಅನ್ನುತ್ತಾರೆಂದು ಕಾದೆ. ಅವರು ಅವಳ ಕೈ ಹಿಡಿದು, ಬೆರಳು ಮಡಿಸಿ ನೋಡಿ, ಒಂದು ದಿನ ಗೊತ್ತುಮಾಡಿ ಕಳಿಸಿದರು. ಅವಳು ಹೋದ ಮೇಲೆ ನನ್ನನ್ನು ಕೂರಿಸಿಕೊಂಡರು.

"ಬೇಜಾರಾ?"

"ಇಲ್ಲ ಸರ್."

"ಸುಳ್ಳು. ನೋಡು, ಅವತ್ತು ನಾನು ತೆಗೆದಿದ್ದರೆ ಆ ಬೆರಳು ಇದ್ದಿದ್ದರೆ ಅಂತ ಜೀವಮಾನವಿಡೀ ಕೊರಗುತ್ತಿದ್ದಳು. ಇವತ್ತು ಅವಳೇ ಬಿಡ್ತಾ ಇದ್ದಾಳೆ. ಆ ನಡುವಿನ ದಿನಗಳನ್ನ ಅವಳಿಗೆ ಕೊಟ್ಟವನು ನೀನು. ಆದರೆ ಬೆರಳು ನಿನ್ನದಲ್ಲ. ಇದು ರಂಗಸಾಮಿಯ ಬೆರಳು ಅಂತ ನಾನು ಅಂದೆನಲ್ಲ, ಅದು ನನ್ನ ತಪ್ಪು."

ದೊಡ್ಡ ಡಾಕ್ಟರ್ ತಮ್ಮ ತಪ್ಪು ಎಂದದ್ದನ್ನು ಅದಕ್ಕೆ ಮುಂಚೆ ನಾನು ಕೇಳಿರಲಿಲ್ಲ.

ಬೆರಳು ತೆಗೆದರು. ಆ ಗಾಯಕ್ಕೂ ನಾನೇ ಕಟ್ಟು ಹಾಕಿದೆ. ಹೊಲಿಗೆ ಬಿಚ್ಚಿದೆವು, ಗಾಯ ಮೂರು ವಾರಕ್ಕೆ ಮಾಯಿತು. ಕೊನೆಯ ಸಲ ಬಂದ ದಿನ ನಾಗಮಣಿ ಟ್ರೇಯಲ್ಲಿದ್ದ ಗಾಜ್ ತುಂಡಿನ ಅಂಚಿನಿಂದ ಎರಡು ಎಳೆ ಹಿರಿದಳು. "ಎಂಥಾ ನೂಲು ಅಣ್ಣಾ ಇದು, ಉಸುರು ಬಿಟ್ರೆ ಹರೀತದೆ" ಎಂದು ನಗುತ್ತಲೇ ಹೆಬ್ಬೆರಳಿಗೂ ನಡುಬೆರಳಿಗೂ ನಡುವೆ ಹಿಡಿದಳು. ನಾನು ನೋಡುತ್ತಿದ್ದಂತೆಯೇ ಗಂಟು ಬಿತ್ತು. ಎರಡೂ ಕಡೆ ಜಗ್ಗಿದಳು. ನೂಲು ಬೇರೆ ಕಡೆ ಹರಿಯಿತು, ಗಂಟು ಬಿಚ್ಚಲಿಲ್ಲ.

"ಈಗ ಹೆಂಗದೆ ಕೈ?" ಎಂದೆ.

"ಈಗ ವಾಸಿ ಅಣ್ಣಾ."

ವಾಸಿ ಎಂದರೆ ಗುಣವಾಯಿತೆಂದೂ ಹೌದು, ಮುಂಚಿಗಿಂತ ಮೇಲು ಎಂದೂ ಹೌದು. ನಾಲ್ಕೇ ಬೆರಳಿನ ಕೈಯನ್ನು ಎತ್ತಿ ಹಿಡಿದು ಅವಳು ಯಾವ ಅರ್ಥದಲ್ಲಿ ಹೇಳಿದಳೋ ನಾನು ಕೇಳಲಿಲ್ಲ. ಎರಡೂ ನಿಜವಾಗಿತ್ತು. ಒಂದು ತಿಂಗಳಲ್ಲಿ ಅವಳು ತನ್ನ ಎರಡು ಮಗ್ಗಗಳ ಮುಂದೆ ಮೊದಲಿನ ಹಾಗೆ ನಿಂತಳು. ಇವತ್ತಿಗೂ ನೇಯುತ್ತಾಳೆ.

ಇದಾದ ಮೇಲೆ ದೊಡ್ಡ ಡಾಕ್ಟರ್ ನಮ್ಮ ಬಿಡುಗಡೆ ಚೀಟಿಯಲ್ಲಿ ಒಂದು ಹೊಸ ಸಾಲು ಅಚ್ಚು ಹಾಕಿಸಿದರು. 'ಗಾಯ ಗುಣವಾಗಿದೆ' ಎಂಬುದರ ಕೆಳಗೆ, 'ಕೈ ಯಾವ ಕೆಲಸಕ್ಕೆ ಮರಳಿದೆ?' ಎಂದು. ಆ ಸಾಲನ್ನು ತುಂಬುವ ಕೆಲಸ ನನ್ನದು. ರೋಗಿಯನ್ನೇ ಕೇಳಿ ತುಂಬಬೇಕೆಂದು ಅವರ ಆಜ್ಞೆ. ನಾನು ಬರೆದ ಉತ್ತರಗಳು ನನಗಿನ್ನೂ ನೆನಪಿವೆ: 'ಇಡ್ಲಿ ಹಿಟ್ಟು ಕಲಸಬಲ್ಲರು.' 'ಬಸ್ಸಿನ ಕಂಬಿ ಹಿಡಿಯಬಲ್ಲರು, ಬಿಗಿಯಿಲ್ಲ.' 'ಕೋಳಿಗೆ ಮೇವು ಹಾಕಬಲ್ಲರು, ಕೋಳಿ ಹಿಡಿಯಲಾರರು.' ಒಬ್ಬ ನಾದಸ್ವರದವರು 'ಆರು ರಂಧ್ರ ಮುಚ್ಚುತ್ತದೆ, ಒಂದು ಉಳಿದಿದೆ' ಎಂದು ಬರೆಸಿದರು. ಅವರನ್ನು ನಾವು ಬಿಡುಗಡೆ ಮಾಡಲಿಲ್ಲ. ಮುಂದೆ ಆಸ್ಪತ್ರೆಗೆ ಫಿಸಿಯೋಥೆರಪಿಯ ವಿಭಾಗ ಬಂತು. ನಾನು ನೂಲಿನ ಉಂಡೆಯಿಂದ ಅಡ್ಡಾದಿಡ್ಡಿ ಮಾಡಿದ್ದನ್ನು ಓದಿದ ಹುಡುಗಿಯರು ಕ್ರಮವಾಗಿ ಮಾಡತೊಡಗಿದರು. ಅವರು ಕೇಳಿದ ಮೊದಲ ಸಾಮಾನಿನ ಪಟ್ಟಿಯಲ್ಲಿ ನೂಲಿನ ಉಂಡೆಯೂ ಇತ್ತು ಎಂಬುದು ನನಗೊಂದು ಹೆಮ್ಮೆ.

ಪದ್ಧತಿಗಳು ಬಹಳ ಬದಲಾದವು. ನಾವು ಕೆಂಪು ಔಷಧಿ ಬಳಿದು ಗಾಯವನ್ನು ಒಣಗಿಸುತ್ತಿದ್ದೆವು. ಈಗ ಗಾಯ ಒದ್ದೆಯಾಗಿರಬೇಕು ಎನ್ನುತ್ತಾರೆ. ಕೀವು ಹೀರುವ ಯಂತ್ರ ಬಂದಿದೆ. ಅಂಟದ ಬಟ್ಟೆ ಬಂದಿದೆ. ರೋಗಿ ಮನೆಯಿಂದಲೇ ಫೋನಿನಲ್ಲಿ ಗಾಯದ ಚಿತ್ರ ಕಳಿಸುತ್ತಾನೆ. ಇದೆಲ್ಲ ಒಳ್ಳೆಯದೇ, ಹಳೆಯದೇ ಮೇಲೆಂದು ನಾನು ಹೇಳುವುದಿಲ್ಲ. ಪೊನ್ನುತ್ತಾಯಿಯ ಕಾಲದಲ್ಲಿ ಅಂಟದ ಬಟ್ಟೆ ಇದ್ದಿದ್ದರೆ ಅವಳು ಸೆರಗು ಕಚ್ಚಬೇಕಾಗಿರಲಿಲ್ಲ. ಆದರೆ ಚಿತ್ರದಲ್ಲಿ ಗಾಯಕ್ಕೆ ವಾಸನೆಯಿಲ್ಲ, ಬಿಸಿಯಿಲ್ಲ. ಮೂಗು ಮತ್ತು ಬೆರಳಿನ ಬೆನ್ನು, ಇವೆರಡು ಉಪಕರಣಗಳನ್ನು ದಯವಿಟ್ಟು ಮನೆಯಲ್ಲಿ ಬಿಟ್ಟು ಬರಬೇಡಿ.

ನಾನು ನಿವೃತ್ತನಾದ ಮರುವರ್ಷ ದೊಡ್ಡ ಡಾಕ್ಟರರಿಂದ ಫೋನು ಬಂತು. ಅವರು ನನಗಿಂತ ಮುಂಚೆಯೇ ಬಿಡುವಾಗಿ ಕೊಯಮತ್ತೂರಿನ ಮನೆಯಲ್ಲಿದ್ದರು. "ರಂಗಸಾಮಿ, ಕೈ ನಡುಗುತ್ತಾ?" ಎಂದರು. ಇಲ್ಲವೆಂದೆ. "ಹಾಗಾದರೆ ಬಾ." ಸಕ್ಕರೆ ಕಾಯಿಲೆಯಿಂದ ಅವರ ಬಲಗಾಲಿನ ಅಡಿಯಲ್ಲಿ ಹುಣ್ಣಾಗಿತ್ತು. ಅವರನ್ನು ಈಗ ನೋಡುವ ಡಾಕ್ಟರ್ ಅವರ ಶಿಷ್ಯರೇ. ಕೊಳೆತ ಭಾಗ ತೆಗೆದು, ಔಷಧ ಬರೆದುಕೊಟ್ಟು, ದಿನವೂ ಡ್ರೆಸ್ಸಿಂಗ್ ಆಗಬೇಕೆಂದಿದ್ದರು. ಆಸ್ಪತ್ರೆಯಿಂದ ನರ್ಸ್ ಕಳಿಸುತ್ತೇವೆಂದರೆ ದೊಡ್ಡ ಡಾಕ್ಟರ್ ಒಪ್ಪಿರಲಿಲ್ಲ.

ದಿನವೂ ಬೆಳಗ್ಗೆ ಬಸ್ಸು ಹತ್ತಿ ಹೋಗುತ್ತಿದ್ದೆ. ನನಗೆ ಮೊದಲ ದಿನವೇ ಒಂದು ವಿಷಯ ಕಂಡಿತು. ನಾನು ಕಟ್ಟು ಬಿಚ್ಚುತ್ತಿದ್ದಂತೆ ಅವರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು. ಎಷ್ಟೋ ಕೈಕಾಲು ಕತ್ತರಿಸಿ ಹೊಲಿದ ಮನುಷ್ಯ ತಮ್ಮ ಕಾಲನ್ನು ನೋಡಲಾರದೆ ಹೋಗಿದ್ದರು. ಪೇಪರಿನ ಹಿಂದಿನಿಂದ ಒಂದೇ ಪ್ರಶ್ನೆ: "ಎಷ್ಟಿದೆ?"

"ಹುಣಸೆಬೀಜದಷ್ಟು ಸರ್."

ಎರಡು ವಾರ ಬಿಟ್ಟು ಮತ್ತೆ, "ಎಷ್ಟಿದೆ?"

"ಹುಣಸೆಬೀಜದಷ್ಟೇ ಸರ್."

ಅವರು ಪೇಪರ್ ಕೆಳಗಿಳಿಸಿ ನನ್ನ ಮುಖ ನೋಡಿದರು. "ಸಮಾಧಾನಕ್ಕಾದರೂ ಚಿಕ್ಕದಾಗಿದೆ ಅನ್ನಬಾರದಾ?"

"ನೀವೇ ಕಲಿಸಿದ್ದು ಸರ್, ಇದ್ದಷ್ಟೇ ಬರಿ ಅಂತ."

ಅವರ ಪತ್ನಿ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆದರೆ ಆ ದಿನದಿಂದ ದೊಡ್ಡ ಡಾಕ್ಟರ್ ಕಾಲು ಊರಿ ಓಡಾಡುವುದನ್ನು ನಿಲ್ಲಿಸಿದರು. ಅದುವರೆಗೆ ಯಾರಿಗೂ ತಿಳಿಯದಂತೆ ಮನೆಯೊಳಗೆ ಓಡಾಡುತ್ತಿದ್ದರೆಂದು ನನಗೆ ಆಮೇಲೆ ತಿಳಿಯಿತು. ಒಂದು ತಿಂಗಳಲ್ಲಿ ಹುಣ್ಣು ಕಡಲೆಕಾಳಿನಷ್ಟಾಯಿತು. ಮತ್ತೊಂದರಲ್ಲಿ ಸಾಸಿವೆಯಷ್ಟು. ನಡುವೆ ಒಂದು ವಾರ ಕೆಂಪಗಾಗಿ ನನ್ನನ್ನು ಹೆದರಿಸಿತು. ಶಿಷ್ಯರು ಬಂದು ಔಷಧ ಬದಲಿಸಿದರು. ಮತ್ತೆ ಇಳಿಯಿತು.

ಒಂದು ಬೆಳಗ್ಗೆ ಕಟ್ಟು ಬಿಚ್ಚಿ, ಉಪ್ಪುನೀರಿನಲ್ಲಿ ತೊಳೆದು, ಬೆರಳಿನ ಬೆನ್ನು ಇಟ್ಟು ನೋಡಿದೆ. ಬಿಸಿಯಿಲ್ಲ, ವಾಸನೆಯಿಲ್ಲ. ಚರ್ಮ ಎಲ್ಲೂ ಬಿಟ್ಟಿರಲಿಲ್ಲ. ಎಷ್ಟಿದೆ ಎಂದು ಅವರು ಕೇಳಿದರು. ಎದ್ದು ಅವರ ಕೈಯಿಂದ ಪೇಪರ್ ತೆಗೆದು ಪಕ್ಕಕ್ಕಿಟ್ಟೆ. ಸೇವೆಯಲ್ಲಿದ್ದಾಗ ಅಂಥ ಧೈರ್ಯ ನನಗೆ ಬರುತ್ತಿರಲಿಲ್ಲ.

ಅವರು ಕನ್ನಡಕ ಸರಿಮಾಡಿಕೊಂಡರು. ಬಲಗಾಲನ್ನು ಎಡಮೊಣಕಾಲಿನ ಮೇಲಿಟ್ಟು, ಪಾದವನ್ನು ಬೆಳಕಿಗೆ ತಿರುಗಿಸಿದರು. ಆಪರೇಷನ್ನಿಗೆ ಮುಂಚೆ ರೋಗಿಯ ಕೈಯನ್ನು ನೋಡುತ್ತಿದ್ದ ಅದೇ ನೋಟ. ಹೊಸ ಚರ್ಮದ ಅಂಚಿನ ಮೇಲೆ ಬೆರಳಾಡಿಸಿದರು.

"ಇಷ್ಟು ವರ್ಷ ನಿನ್ನ ಕೆಲಸ ನೋಡಿದ್ದೇನೆ ಅಂದುಕೊಂಡಿದ್ದೆ ರಂಗಸಾಮಿ" ಎಂದರು. "ಇವತ್ತು ನೋಡಿದೆ."

ನಾನು ಟ್ರೇ ಎತ್ತಿಕೊಂಡು ತೊಳೆಯುವ ನೆಪದಲ್ಲಿ ಒಳಗೆ ಹೋದೆ. ಮರಳಿ ಬರುವಷ್ಟರಲ್ಲಿ ಅವರು ಮೆತ್ತನೆಯ ಹೊಸ ಚಪ್ಪಲಿ ಮೆಟ್ಟಿ ಎದ್ದು ನಿಂತಿದ್ದರು. ಬಸ್ ಸ್ಟಾಪಿನವರೆಗೆ ಬರುತ್ತೇನೆಂದರು. ಮೊದಲ ದಿನವೇ ಅಷ್ಟು ದೂರ ಬೇಡ, ಗೇಟಿನ ತನಕ ಸಾಕು ಎಂದೆ. ಸರಿ ಎಂದು ತಲೆಯಾಡಿಸಿ, ಗೇಟಿನ ತನಕ ನನ್ನ ಜೊತೆ ನಡೆದು ಬಂದರು. ನನ್ನ ಚೀಲ ಅವರ ಕೈಯಲ್ಲಿತ್ತು.